ಇ46 ಎಂ3: ಬೆಳಿಗ್ಗೆ ತಣ್ಣಗಿರೋ ಎಂಜಿನ್ನನ್ನ ಎಲ್ಲಿವರೆಗೆ ಮೆಲ್ಲಗೆ ಓಡಿಸಬೇಕು?

ತಣ್ಣನೆ_ಗ್ಯಾರೇಜು

ಕಾರು ಬಿಎಂಡಬ್ಲ್ಯೂ ಇ46 ಎಂ3, 2004ರ ಮಾಡೆಲ್, ಮ್ಯಾನ್ಯುಯಲ್ ಗೇರ್. ಎಂಜಿನ್ ಎಸ್54, ಆಯಿಲ್ 10ಡಬ್ಲ್ಯೂ-60 (ಇದು ಆಯಿಲ್ ಎಷ್ಟು ಗಟ್ಟಿ ಅನ್ನೋದರ ಗ್ರೇಡ್). ಊರು ಮ್ಯೂನಿಕ್ ಹೊರವಲಯ. ಈಗ ಬೆಳಿಗ್ಗೆ ಗ್ಯಾರೇಜಿನೊಳಗೆ 5 ಡಿಗ್ರಿ. ಮನೆಯಿಂದ ಆಟೋಬಾನ್ (ಇಲ್ಲಿನ ಹೆದ್ದಾರಿ) ಹತ್ತೋ ಜಾಗಕ್ಕೆ ಬರೀ 3 ಕಿ.ಮೀ.

ಮೂರು ಪ್ರಶ್ನೆ. ಸ್ಟಾರ್ಟ್ ಮಾಡಿ ನಿಂತಲ್ಲೇ ಎಷ್ಟು ಹೊತ್ತು ಬಿಡಬೇಕು? ನೀರಿನ ಮುಳ್ಳು 4-5 ಕಿ.ಮೀ.ಗೆ ನಡುವಿಗೆ ಬಂದು ನಿಲ್ಲುತ್ತೆ, ಅಲ್ಲಿಂದ ಪೂರ್ತಿ ಒತ್ತಬಹುದಾ? ಆರ್‌ಪಿಎಂ ಮೀಟರಿನ ಸುತ್ತ ಇರೋ ಹಳದಿ ದೀಪಗಳು ಆರಿದ ಮೇಲೆ 8000ದವರೆಗೆ ಹೋದರೆ ತೊಂದರೆ ಇಲ್ಲವಾ?

ಹದಿಮೂರರ_ಸ್ಪ್ಯಾನರ್

ಚುಟುಕಾಗಿ ಮೊದಲು: ಹತ್ತು ಸೆಕೆಂಡ್ ಸಾಕು, ಒತ್ತಬಾರದು, ಇನ್ನೂ ಸ್ವಲ್ಪ ತಾಳಿ. ಈಗ ಕಾರಣ.

ನೀರಿನ ಮುಳ್ಳು ನಂಬೋ ವಸ್ತುವೇ ಅಲ್ಲ. ಥರ್ಮೋಸ್ಟಾಟ್ ಮುಚ್ಚಿರೋವಾಗ ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತೆ, ಅದಕ್ಕೇ ಅಷ್ಟು ಬೇಗ ಬಿಸಿಯಾಗೋದು. ಸಾಲದ್ದಕ್ಕೆ ಆ ಮುಳ್ಳನ್ನ ಬೇಕೆಂದೇ ಮೊದ್ದು ಮಾಡಿಟ್ಟಿದ್ದಾರೆ: ಸುಮಾರು 75 ಡಿಗ್ರಿಯಿಂದ 110ರ ಹತ್ತಿರದವರೆಗೂ ನಡುವಿನಿಂದ ಅಲ್ಲಾಡಲ್ಲ. ಓನರ್ ಗಾಬರಿಯಾಗಬಾರದು ಅಂತ. ನೀರು 80 ತಲುಪಿದಾಗ ಸಂಪಿನಲ್ಲಿರೋ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ 40-50ರಲ್ಲಿರಬಹುದು.

ಎಂ3ಯಲ್ಲಿ ನಿಮ್ಮ ಪುಣ್ಯ, ಆರ್‌ಪಿಎಂ ಮೀಟರಿನ ಕೆಳಗೆ ಇನ್ನೊಂದು ಸಣ್ಣ ಮುಳ್ಳಿದೆ. ಮಾಮೂಲಿ ಇ46ರಲ್ಲಿ ಅಲ್ಲಿ ಮೈಲೇಜ್ ಮೀಟರ್ ಇರುತ್ತೆ, ಎಂ3ಯಲ್ಲಿ ಅದು ಆಯಿಲ್ ಟೆಂಪರೇಚರ್. ನೋಡಬೇಕಾದ್ದು ಅದನ್ನ.

ಕ್ರಮ ಹೀಗೆ:

ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ದೀಪ ಆರಲಿ. ಬೆಲ್ಟ್ ಹಾಕಿಕೊಂಡು ಕನ್ನಡಿ ಸರಿಮಾಡೋ ಹೊತ್ತಿಗೆ ಹತ್ತು ಸೆಕೆಂಡ್ ಆಗಿರುತ್ತೆ, ಹೊರಡಿ. ಶುರುವಿಗೆ ಐಡ್ಲಿಂಗ್ ಏರಿರುತ್ತೆ, ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಕಾಯಲಿ ಅಂತ ಕಂಪ್ಯೂಟರ್ ಮಾಡೋ ಕೆಲಸ ಅದು. ಆ ಸದ್ದು ಇಳಿಯೋವರೆಗೆ ಅರ್ಧ ನಿಮಿಷ ಕಾಯೋರಿದ್ದಾರೆ, ಅಭ್ಯಂತರ ಇಲ್ಲ.

ಆಯಿಲ್ 60 ಡಿಗ್ರಿ ಮುಟ್ಟೋವರೆಗೆ 2000ದಿಂದ 3000 ಆರ್‌ಪಿಎಂ, ಪೆಡಲ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. 60ರಿಂದ 80ರವರೆಗೆ 4500, ಅರ್ಧ ಪೆಡಲ್. 80 ದಾಟಿದ ಮೇಲೆ ಐದಾರು ನಿಮಿಷ ಮೆಟ್ಟಿಲು ಹತ್ತಿದ ಹಾಗೆ 5500, 6500. ಆಮೇಲೆ ನಿಮ್ಮಿಷ್ಟ. ನಿಮ್ಮ ಚಳಿಗೆ ಒಟ್ಟು 15-20 ಕಿ.ಮೀ. ಹಿಡಿಯುತ್ತೆ.

ಆಟೋಬಾನ್ 3 ಕಿ.ಮೀ.ಗೇ ಸಿಗುತ್ತೆ ಅಂದಿರಿ. ಬಲಗಡೆ ಲೇನಿನಲ್ಲಿ ಲಾರಿಗಳ ಹಿಂದೆ ಆರನೇ ಗೇರಿನಲ್ಲಿ ಹೋಗಿ. ಗಂಟೆಗೆ 90-100 ಕಿ.ಮೀ.ನಲ್ಲಿ ಹಗುರ ಭಾರ, ಸ್ಥಿರ ಆರ್‌ಪಿಎಂ. ಬಿಸಿಯಾಗೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ರ‍್ಯಾಂಪ್ ಹತ್ತೋವಾಗ ಮಾತ್ರ ಎರಡನೇ ಗೇರಿನಲ್ಲಿ ಎಳೆಯೋ ಚಪಲ ಬರುತ್ತೆ, ಅಲ್ಲಿ ತಡೆದುಕೊಳ್ಳಿ.

ಬಾನೆಟ್_ಬಸವ

ಅಲ್ರಿ, ಇಷ್ಟೆಲ್ಲಾ ಲೆಕ್ಕ ಯಾಕ? ಮನಿ ಮುಂದ ನಿಂತಲ್ಲೇ ಐದ್ಹತ್ತು ನಿಮಿಷ ಚಾಲೂ ಇಟ್ಟು ಬಿಟ್ರ ಆತಲ್ಲ. ಲಾರಿ ಡ್ರೈವರ್‌ಗಳು ಮುಂಜಾನೆದ್ದು ಅದನ್ನ ಮಾಡ್ತಾರ, ಅವರ ಎಂಜಿನ್ ಏಳೆಂಟು ಲಕ್ಷ ಕಿಲೋಮೀಟರ್ ಬರ್ತಾವ.

ಗ್ರೀಸ್_ಕೈ

ಬಸವಣ್ಣ, ಲಾರಿಯೋರು ನಿಲ್ಲಿಸಿ ಇಡೋದು ಮುಖ್ಯವಾಗಿ ಏರ್ ಬ್ರೇಕಿನ ಟ್ಯಾಂಕ್ ತುಂಬಲಿ ಅಂತ. ಗಾಳಿ ತುಂಬದೆ ಬ್ರೇಕ್ ಬಿಡಲ್ಲ, ಗಾಡಿ ಕದಲಲ್ಲ. ಅದೂ ಡೀಸೆಲ್. ಪೆಟ್ರೋಲಿನ ಕಥೆ ಬೇರೆ.

ತಣ್ಣಗಿರೋ ಪೆಟ್ರೋಲ್ ಎಂಜಿನ್‌ಗೆ ಕಂಪ್ಯೂಟರ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕೊಡುತ್ತೆ, ಯಾಕಂದ್ರೆ ತಣ್ಣನೆ ಗೋಡೆಗೆ ತಾಗಿದ್ದು ಆವಿಯಾಗಲ್ಲ. ಆವಿಯಾಗದ ಪೆಟ್ರೋಲ್ ಸಿಲಿಂಡರ್ ಗೋಡೆ ಮೇಲಿನ ಆಯಿಲ್ ಪೊರೆ ತೊಳೆದುಕೊಂಡು ರಿಂಗ್ ಸಂದಿನಿಂದ ಸಂಪಿಗೆ ಇಳಿಯುತ್ತೆ. ಜೊತೆಗೆ ಉರಿದಾಗ ಹುಟ್ಟೋ ನೀರಿನ ಆವಿಯೂ ಕ್ರ್ಯಾಂಕ್‌ಕೇಸಿನಲ್ಲಿ ಹನಿಗಟ್ಟುತ್ತೆ. ಆಯಿಲ್ ಹಾಕೋ ಮುಚ್ಚಳದ ಒಳಗೆ ಕೆನೆ ಥರ ಹಳದಿ ಕೆಸರು ಕಾಣುತ್ತಲ್ಲ, ಅದೇ ಇದು. ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಹೆದರೋರು ಮೊದಲು ಒಂದು ದಿನ 40 ಕಿ.ಮೀ. ಓಡಿಸಿ ಮುಚ್ಚಳ ತೆಗೆದು ನೋಡಿ.

ನಿಂತಲ್ಲಿ ಎಂಜಿನ್ ಮೇಲೆ ಭಾರವೇ ಇಲ್ಲ, ಉರಿಯೋ ಪೆಟ್ರೋಲ್ ಚೂರು, ಹುಟ್ಟೋ ಶಾಖವೂ ಚೂರು. ಆಯಿಲ್ ಬಿಸಿಯಾಗೋದು ಬೇರಿಂಗ್ ಸಂದಿನಲ್ಲಿ ಅರೆದಾಗ, ಪಿಸ್ಟನ್ ಅಡಿಗೆ ಚಿಮ್ಮಿ ಅಲ್ಲಿನ ಕಾವು ಹೊತ್ತುಕೊಂಡು ಬಂದಾಗ. ಎರಡಕ್ಕೂ ಗಾಡಿ ಚಲಿಸಬೇಕು. ಹತ್ತು ನಿಮಿಷ ನಿಲ್ಲಿಸಿ ಇಟ್ಟರೆ ನೀರು ಬಿಸಿ, ಆಯಿಲ್ ಅರೆಬೆಚ್ಚಗೆ, ಗೇರ್‌ಬಾಕ್ಸ್ ಐಸು.

ಮತ್ತೆ ಜರ್ಮನಿಯಲ್ಲಿ ಕಾರಣವಿಲ್ಲದೆ ಎಂಜಿನ್ ಚಾಲೂ ಇಡೋದು ರಸ್ತೆ ನಿಯಮದ ಪ್ರಕಾರ ತಪ್ಪು. ಪಕ್ಕದ ಮನೆಯೋರು ಕಿಟಕಿ ತೆಗೆದು ಹೇಳೋಕೆ ಮುಂಚೆ ಹೊರಟುಬಿಡೋದು ವಾಸಿ.

ಎಣ್ಣೆ_ಲೆಕ್ಕ

ಸ್ಪ್ಯಾನರ್ ಅವರು ಕೊಟ್ಟ 60, 80 ಎಂಬ ಮೆಟ್ಟಿಲುಗಳ ಹಿಂದಿನ ಅಂಕಿ ಇಲ್ಲಿದೆ. ಒಂದು ಮಾದರಿ 10ಡಬ್ಲ್ಯೂ-60 ಆಯಿಲ್‌ನ ಸ್ನಿಗ್ಧತೆ 40 ಡಿಗ್ರಿಯಲ್ಲಿ ಸುಮಾರು 160 ಸೆಂಟಿಸ್ಟೋಕ್ಸ್ (ಅಂಕಿ ಹೆಚ್ಚಿದಷ್ಟೂ ಆಯಿಲ್ ಗಟ್ಟಿ), 100 ಡಿಗ್ರಿಯಲ್ಲಿ ಸುಮಾರು 23. ಡಬ್ಬಿಯ ಮಾಹಿತಿ ಪತ್ರದಲ್ಲಿ ಇರುವುದು ಈ ಎರಡೇ ಅಂಕಿ. ಇವೆರಡರಿಂದ ಉಳಿದದ್ದನ್ನು ಲೆಕ್ಕ ಹಾಕಬಹುದು:

5 ಡಿಗ್ರಿಯಲ್ಲಿ ಸಾವಿರಕ್ಕೂ ತುಸು ಹೆಚ್ಚು
30 ಡಿಗ್ರಿಯಲ್ಲಿ 250ರ ಆಸುಪಾಸು
60 ಡಿಗ್ರಿಯಲ್ಲಿ 70-75
80 ಡಿಗ್ರಿಯಲ್ಲಿ 40ರ ಹತ್ತಿರ
100 ಡಿಗ್ರಿಯಲ್ಲಿ 23

ಅಂದರೆ ಈ ಗ್ಯಾರೇಜಿನಲ್ಲಿ ಬೆಳಿಗ್ಗೆ ಇರುವ ಆಯಿಲ್, ಎಂಜಿನ್ ಬಯಸುವುದಕ್ಕಿಂತ ನಲವತ್ತು ಪಟ್ಟಿಗೂ ಹೆಚ್ಚು ಗಟ್ಟಿ. ಮಲೆನಾಡಿನ ಚಳಿಗೆ ಜೋನಿ ಬೆಲ್ಲದ ಡಬ್ಬಿ ಬಗ್ಗಿಸಿದ ಹಾಗೆ. 60 ಮುಟ್ಟುವಷ್ಟರಲ್ಲಿ ಹೆಚ್ಚಿನ ಇಳಿತ ಮುಗಿದಿರುತ್ತದೆ, ಆದರೂ ಇನ್ನೂ ಮೂರು ಪಟ್ಟು ಗಟ್ಟಿ.

'ಗಟ್ಟಿಯಿದ್ದರೆ ಒಳ್ಳೆಯದಲ್ಲವೇ, ಪ್ರೆಷರ್ ಜಾಸ್ತಿ ತೋರಿಸುತ್ತದೆ' ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಪ್ರೆಷರ್ ಎಂದರೆ ಹರಿವಲ್ಲ, ಹರಿವಿಗೆ ಎದುರಾದ ಅಡ್ಡಿ. ಪಂಪು ತಿರುಗಿದಷ್ಟೂ ತಳ್ಳುತ್ತಲೇ ಇರುತ್ತದೆ. ಗಟ್ಟಿ ಆಯಿಲ್ ಸಂದಿಯೊಳಗೆ ನುಗ್ಗದೆ ಪ್ರೆಷರ್ ಏರಿದಾಗ ರಿಲೀಫ್ ವಾಲ್ವ್ ತೆರೆದು ಒಂದಷ್ಟು ಪಾಲು ಸಂಪಿಗೇ ವಾಪಸ್. ತಣ್ಣಗಿದ್ದಾಗ ಆರ್‌ಪಿಎಂ ಏರಿಸಿದರೆ ಬೇರಿಂಗಿಗೆ ಬೇಡಿಕೆ ಹೆಚ್ಚುತ್ತದೆ, ಹೆಚ್ಚಿನ ಆಯಿಲ್ ಮಾತ್ರ ವಾಲ್ವಿನಿಂದ ಹಿಂದಕ್ಕೆ ಬೀಳುತ್ತದೆ.

ಇನ್ನೊಂದು ವಾಲ್ವ್ ಫಿಲ್ಟರ್‌ನಲ್ಲಿದೆ. ಕಾಗದದ ಎರಡೂ ಬದಿಯ ಪ್ರೆಷರ್ ವ್ಯತ್ಯಾಸ ಮಿತಿ ಮೀರಿದರೆ ಬೈಪಾಸ್ ತೆರೆದುಕೊಳ್ಳುತ್ತದೆ, ಸೋಸದ ಆಯಿಲ್ ನೇರ ಬೇರಿಂಗಿಗೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ಮೇಲು ಎಂಬ ಲೆಕ್ಕಾಚಾರ ಅದು. ತಣ್ಣಗಿದ್ದಾಗ 5000ಕ್ಕೆ ಏರಿಸುವವರು ಆ ಬಾಗಿಲನ್ನು ದಿನಾ ತೆರೆಯುತ್ತಾರೆ.

ನಾಲ್ಕನೇ_ಗೇರ್

ಹಾಗಾದ್ರೆ 5ಡಬ್ಲ್ಯೂ-40 ಹಾಕಿಬಿಟ್ರೆ ಅರ್ಧ ತಲೆನೋವು ಕಮ್ಮಿ ಅಲ್ವಾ ಗುರು? ಬೇಗ ತೆಳ್ಳಗಾಗುತ್ತೆ.

ಎಣ್ಣೆ_ಲೆಕ್ಕ

5 ಡಿಗ್ರಿಯಲ್ಲಿ ಅದರ ಲೆಕ್ಕ 500ರ ಆಸುಪಾಸಿಗೆ ಬರುತ್ತದೆ, ಅರ್ಧ ನಿಜ. ಆದರೆ 100ರಲ್ಲಿ 14ಕ್ಕೆ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಆಯಿಲ್ 120 ದಾಟಿ, 8000 ಆರ್‌ಪಿಎಂನಲ್ಲಿ ಬೇರಿಂಗ್ ಮೇಲೆ ಭಾರ ಬಿದ್ದಾಗ ಆ ದಪ್ಪ ಸಾಲದು ಎಂದೇ ಈ ಎಂಜಿನ್‌ಗೆ 60ರ ಆಯಿಲ್ ಸೂಚಿಸಿದ್ದು. ಬೆಳಗಿನ ಹದಿನೈದು ನಿಮಿಷದ ಸುಖಕ್ಕೆ ಮಧ್ಯಾಹ್ನದ ಟ್ರ್ಯಾಕನ್ನು ಒತ್ತೆ ಇಡಬೇಡಿ. ಬರೀ ರಸ್ತೆಯ ಮೇಲೆ ಮೆಲ್ಲಗೆ ಓಡುವ ಕಾರಿಗೆ ತೆಳು ಆಯಿಲ್ ಹಾಕುವವರಿದ್ದಾರೆ. ಆ ಜಗಳಕ್ಕೆ ಕೊನೆಯಿಲ್ಲ, ಇಲ್ಲಿ ಬೇಡ.

ಗ್ರೀಸ್_ಕೈ

ಇಲ್ಲಿ ಬೇಡ ಅಂದ್ರೂ ಬೇರಿಂಗ್ ಮಾತು ಆಡಲೇಬೇಕು. 2001-03ರ ಎಸ್54 ಎಂಜಿನ್‌ಗಳಲ್ಲಿ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನ ಕ್ರ್ಯಾಂಕ್ ಶಾಫ್ಟಿಗೆ ಜೋಡಿಸೋ ಸರಳು) ಬೇರಿಂಗ್ ಕೆಟ್ಟು, ಕಂಪನಿಯೇ ಕರೆಸಿ ಬದಲಾಯಿಸಿಕೊಟ್ಟಿತ್ತು. 2004ರ ಕಾರು ಅದರಾಚೆಗಿನದು, ಹಾಗಂತ ಚಿಂತೆ ಬಿಟ್ಟಾಯ್ತು ಅಂತಲ್ಲ.

ಇದರ ಪಿಸ್ಟನ್ ಓಡಾಟ 91 ಮಿ.ಮೀ. 8000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರಿಗೂ ಮೇಲೆ. 3000ದಲ್ಲಿ 9. ಪಿಸ್ಟನ್ ಮೇಲೆ ಕೆಳಗೆ ತಿರುಗೋವಾಗ ರಾಡನ್ನ ಎಳೆಯೋ ಜಡತ್ವದ ಬಲ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತೆ, 3000ದಿಂದ 8000ಕ್ಕೆ ಏಳು ಪಟ್ಟು. ಆ ಏಳು ಪಟ್ಟನ್ನ ಹೊರೋದು ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪೊರೆ.

ಆದ್ರೆ ಉಲ್ಟಾ ತಪ್ಪೂ ಇದೆ, ಅದನ್ನ ಯಾರೂ ಹೇಳಲ್ಲ. 'ಎಂಜಿನ್ ತಣ್ಣಗಿದೆ, ಆರ್‌ಪಿಎಂ ಏರಿಸಬಾರದು' ಅಂತ 1200ರಲ್ಲಿ ಐದನೇ ಗೇರ್ ಹಾಕಿ ಏರು ರಸ್ತೆಯಲ್ಲಿ ಪೆಡಲ್ ಒತ್ತೋದು. ಬೇರಿಂಗಿನ ಪೊರೆ ನಿಲ್ಲೋದೇ ಶಾಫ್ಟ್ ತಿರುಗೋ ವೇಗದಿಂದ. ವೇಗ ಕಮ್ಮಿ, ಭಾರ ಜಾಸ್ತಿ ಆದ್ರೆ ಪೊರೆ ಕುಸಿಯುತ್ತೆ, ಎಂಜಿನ್ ಗುಡುಗುಟ್ಟುತ್ತೆ. ತಣ್ಣಗಿದ್ದಾಗಲೂ ಏರಿನಲ್ಲಿ ಒಂದು ಗೇರ್ ಕೆಳಗಿಳಿಸಿ 2500ರಲ್ಲಿ ಹಗುರವಾಗಿ ಹತ್ತಿಸಿ.

ಹದಿಮೂರರ_ಸ್ಪ್ಯಾನರ್

ಹೌದು, ಸರಿಯಾಗಿ ಹೇಳಿದಿರಿ.

ಆಯಿಲ್ ಒಂದೇ ಅಲ್ಲ, ಲೋಹವೂ ಅಳತೆಗೆ ಬರಬೇಕು. ಎಸ್54ರ ಬ್ಲಾಕ್ ಬೀಡುಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ, ಬೋರ್ 87 ಮಿ.ಮೀ. 80 ಡಿಗ್ರಿ ಏರಿದರೆ ಆ ಅಗಲದ ಅಲ್ಯೂಮಿನಿಯಂ ಸುಮಾರು 0.16 ಮಿ.ಮೀ. ಹಿಗ್ಗುತ್ತೆ, ಕಬ್ಬಿಣ 0.08ರ ಹತ್ತಿರ. ಪೂರ್ತಿ ಒತ್ತಿದರೆ ಪಿಸ್ಟನ್ ಕ್ಷಣದಲ್ಲಿ ಕಾಯುತ್ತೆ, ಸುತ್ತಲಿನ ಬ್ಲಾಕ್ ಹಿಂದುಳಿಯುತ್ತೆ. ಬಿಟ್ಟಿರೋ ಸಂದೇ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದಲ್ಲಿ. ಪಿಸ್ಟನ್ ಸ್ಕರ್ಟ್ ಮೇಲೆ ಉದ್ದುದ್ದ ಗೀರು ಬೀಳೋದು ಹೀಗೆ. ಹೊರಗಿನ ಫೋರ್ಜ್ಡ್ ಪಿಸ್ಟನ್ ಹಾಕಿಸಿದ ಎಂಜಿನ್ ಆದರೆ ಇನ್ನೂ ಹುಷಾರು: 2618 ಮಿಶ್ರಲೋಹದಲ್ಲಿ ಸಿಲಿಕಾನ್ ತೀರಾ ಕಮ್ಮಿ, ಜಾಸ್ತಿ ಹಿಗ್ಗುತ್ತೆ, ಅದಕ್ಕೆ ಸಂದು ಜಾಸ್ತಿ ಬಿಟ್ಟಿರುತ್ತಾರೆ, ತಣ್ಣಗಿದ್ದಾಗ ಟಕಟಕ ಸದ್ದು. 4032ರಲ್ಲಿ ಸಿಲಿಕಾನ್ ಹೆಚ್ಚಿರೋದರಿಂದ ಆ ಸದ್ದು ಕಮ್ಮಿ.

ವಾಲ್ವಿಗೂ ಇದೇ ಮಾತು. ಇದರಲ್ಲಿ ಸಂದನ್ನ ತಾನೇ ಸರಿಮಾಡಿಕೊಳ್ಳೋ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಕೂರಿಸೋದು. ಇನ್‌ಟೇಕ್ 0.18-0.23 ಮಿ.ಮೀ., ಎಕ್ಸಾಸ್ಟ್ 0.28-0.33, ಅಳೆಯೋದು ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಎಕ್ಸಾಸ್ಟ್ ಹೆಚ್ಚು ಕಾಯೋದಕ್ಕೇ ಅಲ್ಲಿ ಸಂದು ಹೆಚ್ಚು. ಬೆಳಿಗ್ಗೆ ಹೊಲಿಗೆ ಮಿಷನ್ ಥರ ಟಿಕ್‌ಟಿಕ್ ಅಂದರೆ ಅದು ರೋಗ ಅಲ್ಲ. ಬಿಸಿಯಾದ ಮೇಲೂ ಒಂದೇ ಕಡೆಯಿಂದ ಜೋರಾಗಿ ಬಂದರೆ ಮಾತ್ರ ಸಂದು ಅಳೆಯೋ ಫೀಲರ್ ಗೇಜ್ ಹಿಡಿಯಿರಿ.

ಮೂರನೇ ಪ್ರಶ್ನೆ, ದೀಪ. ತಣ್ಣಗಿದ್ದಾಗ 4000ದ ಆಸುಪಾಸಿನಿಂದ ಮೇಲಕ್ಕೆ ಹಳದಿ ಉರಿಯುತ್ತೆ, ಆಯಿಲ್ ಬಿಸಿಯಾದ ಹಾಗೆ ಒಂದೊಂದೇ ಆರುತ್ತೆ. ಅದು ಕಂಪನಿ ಹಾಕಿದ ಮೇಲಿನ ಗೆರೆ, 'ಇದನ್ನ ದಾಟಬೇಡ' ಅನ್ನೋ ಸೂಚನೆ ಮಾತ್ರ. ಕೊನೇ ದೀಪ ಆರಿದಾಗ ಆಯಿಲ್ ಮುಳ್ಳು ಇನ್ನೂ 100ರ ಗೆರೆಯಿಂದ ಕೆಳಗಿರೋದನ್ನ ನೀವೇ ನೋಡಿ. ದೀಪ ಆರಿದ ಮೇಲೆ ಇನ್ನೊಂದು ಐದು ನಿಮಿಷ.

ಇದನ್ನ ಬೇರೆಯವರೂ ಬೇರೆ ಬೇರೆ ಥರ ಮಾಡಿದ್ದಾರೆ. ಹೋಂಡಾ ಎಸ್2000 ಎಂಜಿನ್ ಬೆಚ್ಚಗಾಗೋವರೆಗೆ ವಿಟೆಕ್ಕನ್ನೇ (ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಹೆಚ್ಚು ತೆರೆಯೋ ವ್ಯವಸ್ಥೆ) ಬಿಡಲ್ಲ, ಕಾರ್ವೆಟ್ ಸಿ7ರ ಪರದೆಯಲ್ಲಿ ಕೆಂಪು ಗೆರೆಯೇ ಕೆಳಗಿನಿಂದ ಮೇಲಕ್ಕೆ ಸರಿಯುತ್ತೆ.

ಹೊರವರ್ತುಲ_ರಸ್ತೆ

ಬೆಂಗಳೂರಿನ ಕಡೆಯಿಂದ ಒಂದು ಪ್ರಶ್ನೆ. ಎಂ3 ಎಲ್ಲ ಇಲ್ಲ, ಒಂದು ಲೀಟರ್ ಟರ್ಬೊ ಪೆಟ್ರೋಲ್. ಟೆಂಪರೇಚರ್ ಮುಳ್ಳೇ ಕೊಟ್ಟಿಲ್ಲ, ಶುರುವಿಗೆ ನೀಲಿ ದೀಪ ಉರಿದು ಆರುತ್ತೆ. ನಂದಿ ಬೆಟ್ಟಕ್ಕೆ ಬೆಳಿಗ್ಗೆ ಹೋಗೋರು ಯಾವುದನ್ನ ನಂಬಬೇಕು? ನಮ್ಮ ಹವೆಗೆ ಇಷ್ಟೆಲ್ಲ ಕಾಯಬೇಕಾ?

ಗ್ರೀಸ್_ಕೈ

ನೀಲಿ ದೀಪ ನೀರಿನದು, ಹಲವು ಕಾರುಗಳಲ್ಲಿ 50-60 ಡಿಗ್ರಿಗೇ ಆರಿಬಿಡುತ್ತೆ. ಅದು ಆರಿತು ಅಂದ್ರೆ ಹೀಟರ್ ಹಾಕಬಹುದು ಅಂತಷ್ಟೇ ಅರ್ಥ ಮಾಡ್ಕೊಳ್ಳಿ.

ಸ್ಟೀರಿಂಗ್ ಕೆಳಗಿನ ಓಬಿಡಿ (ಕಾರಿನ ಕಂಪ್ಯೂಟರ್ ಮಾಹಿತಿ ಓದೋ) ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಫೋನಿನಲ್ಲಿ ಎರಡು ಸಂಖ್ಯೆ ಹುಡುಕಿ: 05 ನೀರು, 5ಸಿ ಆಯಿಲ್. 5ಸಿ ತುಂಬಾ ಕಾರುಗಳಲ್ಲಿ ಉತ್ತರ ಕೊಡಲ್ಲ, ಸೆನ್ಸರೇ ಇರಲ್ಲ. ಆಗ ನೀರು 85-90ಕ್ಕೆ ನಿಂತ ಕ್ಷಣದಿಂದ ಗಡಿಯಾರ ನೋಡಿ, ಓಡ್ತಾ ಓಡ್ತಾ ಇನ್ನೂ ಹತ್ತು ನಿಮಿಷ. ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿ ಆಯಿಲ್ ಟೆಂಪರೇಚರ್ ಪರದೆಯಲ್ಲೇ ಸಿಗುತ್ತೆ, 50 ದಾಟೋವರೆಗೆ ಅಂಕಿ ಬದಲು ಅಡ್ಡಗೆರೆ ತೋರಿಸುತ್ತೆ.

ಹವೆ ವಿಷಯ: ಮಧ್ಯಾಹ್ನ 30 ಡಿಗ್ರಿಯಲ್ಲಿ ಶುರು ಮಾಡಿದ್ರೆ ದಾರಿ ಕಮ್ಮಿ, ಮೇಲೆ ಕೊಟ್ಟ ಪಟ್ಟಿಯೇ ಹೇಳುತ್ತೆ. 8-10 ಕಿ.ಮೀ. ಸಾಕು. ಆದ್ರೆ ನಮ್ಮೂರಿನ ಮೋಸ ಬೇರೆ: ಸಿಲ್ಕ್ ಬೋರ್ಡ್‌ನಲ್ಲಿ ಇಪ್ಪತ್ತು ನಿಮಿಷ ನಿಂತಿರ್ತೀರಿ, ನೀರು 95, ರೇಡಿಯೇಟರ್ ಫ್ಯಾನ್ ಕೂಗ್ತಿರುತ್ತೆ, 'ಗಾಡಿ ಕುದೀತಿದೆ' ಅನ್ಸುತ್ತೆ. ಆಯಿಲ್ ಮಾತ್ರ ಇನ್ನೂ ಹಿಂದಿರುತ್ತೆ. ಫ್ಲೈಓವರ್ ಸಿಕ್ಕ ಕೂಡಲೇ ನೆಲಕ್ಕೆ ಒತ್ತೋದು ಆಗಲೇ.

ಟರ್ಬೊ ಇದ್ರೆ ಇನ್ನೊಂದು ಕಾರಣ. ಆ ಶಾಫ್ಟ್ ಲಕ್ಷಕ್ಕೂ ಮೇಲೆ ಆರ್‌ಪಿಎಂ ತಿರುಗುತ್ತೆ, ತೇಲೋದು ಆಯಿಲ್ ಮೇಲೇ. ಇಳಿಯೋ ಪೈಪಿನಲ್ಲಿ ಆಯಿಲ್ ತನ್ನ ತೂಕಕ್ಕೇ ಸಂಪಿಗೆ ಬೀಳಬೇಕು, ಗಟ್ಟಿಯಿದ್ರೆ ನಿಧಾನ. ತಣ್ಣಗಿದ್ದಾಗ ಬೂಸ್ಟ್ ಮುಳ್ಳು ಏಳದ ಹಾಗೆ ಓಡಿಸಿ. ನಂದಿಗೆ ಹೋಗೋರಿಗೆ ಕಷ್ಟವೇ ಇಲ್ಲ, ಬಳ್ಳಾರಿ ರಸ್ತೆಯಲ್ಲಿ 80ರಲ್ಲಿ ಹೋದ್ರೆ ತಿರುವು ಸಿಗೋ ಹೊತ್ತಿಗೆ ಎಲ್ಲಾ ಕಾದಿರುತ್ತೆ. ಬೆಟ್ಟ ಇಳಿದ ಮೇಲಲ್ಲ, ಹತ್ತಿ ನಿಲ್ಲಿಸೋವಾಗ ಒಂದು ನಿಮಿಷ ಐಡ್ಲಿಂಗ್ ಕೊಡಿ, ಟರ್ಬೊ ಕಾದಿರೋದು ಹತ್ತೋವಾಗ.

ನಾಲ್ಕನೇ_ಗೇರ್

ಎಂಜಿನ್ ಬಿಟ್ಟು ಉಳಿದದ್ದು ಸೇರಿಸ್ತೀನಿ. ಗೇರ್‌ಬಾಕ್ಸಿಗೆ ಒಳಗಿಂದ ಕಾಯಿಸೋ ಬೆಂಕಿ ಇಲ್ಲ, ಹಲ್ಲುಗಳ ಉಜ್ಜಾಟದಿಂದಲೇ ಬಿಸಿಯಾಗಬೇಕು. ಬೆಳಿಗ್ಗೆ ಎರಡನೇ ಗೇರ್ ಒರಟಾಗಿ ಬೀಳೋದು ಅದಕ್ಕೇ, ಸಿಂಕ್ರೋ ರಿಂಗ್ (ಗೇರ್ ಬೀಳೋ ಮುಂಚೆ ಎರಡರ ವೇಗ ಹೊಂದಿಸೋ ಬಳೆ) ಮೇಲಿನ ಗಟ್ಟಿ ಆಯಿಲ್ ಹಿಂಡಿ ಹೋಗೋಕೆ ಹೊತ್ತು ಬೇಕು. ಜೋರು ಮಾಡಿ ನೂಕಬೇಡಿ, ಲಿವರ್ ಮೇಲೆ ಬೆರಳಿಟ್ಟು ಒಂದು ಕ್ಷಣ ಬಿಡಿ, ತಾನೇ ಒಳಗೆ ಜಾರುತ್ತೆ. ಹಿಂದಿನ ಡಿಫರೆನ್ಶಿಯಲ್ ಎಲ್ಲಕ್ಕಿಂತ ಕೊನೆಗೆ.

ಟೈರ್ 10 ಡಿಗ್ರಿ ಏರಿದ್ರೆ ಗಾಳಿ ಸುಮಾರು 0.1 ಬಾರ್ ಏರುತ್ತೆ. ತಣ್ಣಗಿದ್ದಾಗ ಅಳೆದು ತುಂಬಿಸಿ, ಟ್ರ್ಯಾಕಿನಲ್ಲಿ ಬಿಸಿಯಾದ ಮೇಲೆ ಇಳಿಸಿ. 7 ಡಿಗ್ರಿ ಕೆಳಗೆ ಸಮ್ಮರ್ ಟೈರ್ ಗಡುಸಾಗುತ್ತೆ, ಎಂಜಿನ್ ಎಷ್ಟು ಕಾದಿದ್ರೂ ಮೊದಲ ರೌಂಡ್‌ಅಬೌಟಿನಲ್ಲಿ ಹಿಂಬದಿ ಜಾರುತ್ತೆ.

ತಣ್ಣನೆ_ಗ್ಯಾರೇಜು

ಎಲ್ಲರಿಗೂ ಧನ್ಯವಾದ. ಇನ್ನೊಂದು ಅನುಮಾನ: ಜರ್ಮನಿಯ ರೇಸ್ ಟ್ರ್ಯಾಕ್ ನ್ಯೂರ್‌ಬರ್ಗ್‌ರಿಂಗ್ ನಾರ್ಡ್‌ಷ್ಲೈಫಿಗೆ ಸಾರ್ವಜನಿಕರನ್ನ ಬಿಡೋ ದಿನಗಳಲ್ಲಿ ಗೇಟ್ ಮುಂದೆ ಕ್ಯೂ. ಗೇಟ್ ಎದ್ದ ಮೇಲೆ ಹಿಂದಿನೋರು ಮೈಮೇಲೆ ಬರ್ತಾರೆ, ಬಿಸಿ ಮಾಡೋ ಸುತ್ತು ಅಂತ ಇಲ್ಲ. ಕ್ಯೂನಲ್ಲಿ ಎಂಜಿನ್ ಚಾಲೂ ಇಡಬೇಕಾ?

ಹದಿಮೂರರ_ಸ್ಪ್ಯಾನರ್

ಆರಿಸಿ. ಮೊದಲೇ ಹೊರಗಿನ ರಸ್ತೆಯಲ್ಲಿ, ವೇಗಮಿತಿಯೊಳಗೆ, 20 ಕಿ.ಮೀ. ಓಡಿಸಿ ಬಂದಿದ್ದರೆ ಹತ್ತು ನಿಮಿಷದ ಕ್ಯೂನಲ್ಲಿ ಐದೂವರೆ ಲೀಟರ್ ಆಯಿಲ್ ಹೆಚ್ಚೇನೂ ತಣಿಯಲ್ಲ. ಹೋಟೆಲಿನಿಂದ ನೇರ ಬಂದು ಗೇಟಿನಲ್ಲಿ ನಿಂತು ರೇಸ್ ಮಾಡೋದೇ ತಪ್ಪು. ಒಳಗೆ ಹೋದ ಮೇಲೂ ಹಾಟ್ಸೆನ್‌ಬಾಖ್ ತಿರುವುಗಳಲ್ಲಿ ಬಲಕ್ಕೆ ಇಂಡಿಕೇಟರ್ ಹಾಕಿ ಹಿಂದಿನೋರಿಗೆ ದಾರಿ ಬಿಡಿ, ಆ ಹೊತ್ತಿಗೆ ಟೈರ್ ಬ್ರೇಕ್ ಎರಡೂ ಎಚ್ಚರಾಗುತ್ತೆ. ಸುತ್ತು 20 ಕಿ.ಮೀ.ಗೂ ಮೇಲಿದೆ, ಬೆರ್ಗ್‌ವೆರ್ಕ್ ದಾಟಿ ಕರುಸೆಲ್‌ವರೆಗಿನ ಉದ್ದ ಏರಿನಲ್ಲಿ ಒತ್ತೋಕೆ ಬೇಕಾದಷ್ಟು ಸಿಗುತ್ತೆ.

ಹೊರಗೆ ಬಂದ ಕೂಡಲೇ ಪಾರ್ಕಿಂಗಿನಲ್ಲಿ ನಿಲ್ಲಿಸಿ ಬಾನೆಟ್ ತೆರೆಯೋದೂ ಬೇಡ. ಪಕ್ಕದ ಬಿ258 ರಸ್ತೆಯಲ್ಲಿ 8-10 ಕಿ.ಮೀ. 2500ರಲ್ಲಿ ಮೆಲ್ಲಗೆ ಹೋಗಿ ಬನ್ನಿ, ಆಯಿಲ್ ಮುಳ್ಳು 100ಕ್ಕೆ ಇಳಿಯಲಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ನಿಲ್ಲಿಸಿ.

ಗ್ರೀಸ್_ಕೈ

ಮತ್ತೆ ಡಿಪ್‌ಸ್ಟಿಕ್ ನೋಡೋದೂ ಆಗಲೇ. ಸಮತಟ್ಟು ಜಾಗ, ಎಂಜಿನ್ ಆರಿಸಿ ಐದು ನಿಮಿಷ, ಒರೆಸಿ ಮತ್ತೆ ಅದ್ದಿ. ಎರಡು ಗುರುತಿನ ನಡುವೆ ಸುಮಾರು ಒಂದು ಲೀಟರ್. ಇದು ಆಯಿಲ್ ಕುಡಿಯೋ ಎಂಜಿನ್ನೇ, ನ್ಯೂರ್‌ಬರ್ಗ್‌ರಿಂಗಿಗೆ ಹೋಗೋವಾಗ ಡಿಕ್ಕಿಯಲ್ಲಿ ಒಂದು ಲೀಟರ್ 10ಡಬ್ಲ್ಯೂ-60 ಇರಲಿ. ಆ ಕಡೆಯ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತೆ, ಬೆಲೆ ಕೇಳಿದ್ರೆ ಮಾತ್ರ ನಿಮಗೇ ಬೆವರು ಬರುತ್ತೆ.